ಪ್ರಾಸಬದ್ಧ ಚಿತ್ರಪುಸ್ತಕ: ಅದರ ಹುಟ್ಟು, ಬೆಳವಣಿಗೆ ಮತ್ತು ಆಕರ್ಷಣೆ

೧

ಇನ್ನೂ ಅಕ್ಷರ ಕಲಿಯದ ಮಗುವಿಗಾಗಿ ಪುಸ್ತಕವನ್ನು ಅಚ್ಚು ಹಾಕುವುದು ಮೇಲ್ನೋಟಕ್ಕೆ ವಿಚಿತ್ರವೆನಿಸುವ ಉದ್ಯಮ. ಓದಲು ಬಾರದವನಿಗೆ ಓದುವ ಸಾಮಗ್ರಿಯಿಂದ ಏನು ಪ್ರಯೋಜನ? ಆದರೂ ಸುಮಾರು ಎರಡೂಮುಕ್ಕಾಲು ಶತಮಾನಗಳಿಂದ ಇಂಥ ಪುಸ್ತಕಗಳು ಹುಟ್ಟುತ್ತಲೇ ಬಂದಿವೆ. ಅವುಗಳಲ್ಲಿ ದೀರ್ಘಾಯುಸ್ಸನ್ನು ಪಡೆದವುಗಳನ್ನು ಪರಿಶೀಲಿಸಿದರೆ ಅನೇಕವು ಪದ್ಯರೂಪದಲ್ಲಿರುವುದು, ಅದರಲ್ಲಿಯೂ ಅಂತ್ಯಪ್ರಾಸದಿಂದ ಕೂಡಿರುವುದು ಕಂಡುಬರುತ್ತದೆ. ಮೂರು ನಾಲ್ಕು ವರ್ಷದ ಮಗು ಒಂದೇ ಪುಸ್ತಕವನ್ನು ಇಪ್ಪತ್ತು ಸಲ ಓದಿಸಿಕೊಂಡು ಇಪ್ಪತ್ತೊಂದನೆಯ ಸಲವೂ ಅದನ್ನೇ ಬೇಡುತ್ತದೆ. ಓದುವವರು ಒಂದು ಮಾತನ್ನು ಬದಲಿಸಿದರೆ ಅಲ್ಲಿಯೇ ತಡೆದು ತಿದ್ದುತ್ತದೆ. ಈ ಆಕರ್ಷಣೆಗೆ ಕಾರಣವೇನು?

ನಾದ ಕಿವಿಗೆ ಇಂಪು, ಬಣ್ಣ ಕಣ್ಣಿಗೆ ಚೆಂದ, ಆದ್ದರಿಂದ ಮಗು ಮೆಚ್ಚುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ಉತ್ತರ. ಇದು ಸುಳ್ಳಲ್ಲ, ಆದರೆ ಸಾಲದು. ಇಂಪು ಚೆಂದಗಳೇ ಸಂಪೂರ್ಣ ಕಾರಣವಾಗಿದ್ದರೆ ಹಾಡನ್ನು ಬೇರೆಯಾಗಿ ಕೇಳಿಸಿ ಚಿತ್ರವನ್ನು ಬೇರೆಯಾಗಿ ತೋರಿಸಿದರೂ ಅದೇ ಫಲ ದೊರೆಯಬೇಕಾಗಿತ್ತು. ಹಾಗಾಗುವುದಿಲ್ಲ. ಪ್ರಾಸಬದ್ಧ ಚಿತ್ರಪುಸ್ತಕವು ಇಬ್ಬರು ಕೂಡಿ ಓದುವ ಪುಸ್ತಕ. ಅಕ್ಷರಗಳು ಹಿರಿಯರ ಪಾಲಿಗೆ. ಚಿತ್ರ ಮತ್ತು ಪ್ರಾಸ ಮಗುವಿನ ಪಾಲಿಗೆ. ಬರಲಿರುವ ಮಾತಿನ ಸುಳಿವನ್ನು ಪ್ರಾಸವು ಮುಂಚಿತವಾಗಿಯೇ ಕಿವಿಗೆ ಕೊಡುತ್ತದೆ. ಚಿತ್ರವು ಆ ಊಹೆಗೆ ಸಾಕ್ಷಿ ಹೇಳುತ್ತದೆ. ಹಿರಿಯರು ಪಂಕ್ತಿಯ ಕೊನೆಯಲ್ಲಿ ಒಂದು ಕ್ಷಣ ತಡೆದರೆ ಮಗು ಉಳಿದ ಮಾತನ್ನು ತಾನೇ ತುಂಬುತ್ತದೆ. ಓದಲು ಬಾರದಿದ್ದರೂ ಓದಿನಲ್ಲಿ ಭಾಗಿಯಾದ ಸಂತೋಷವೇ ಈ ಆಕರ್ಷಣೆಯ ತಿರುಳು. ಈ ಪ್ರಕಾರದ ಚರಿತ್ರೆಯನ್ನು ಇದೇ ದೃಷ್ಟಿಯಿಂದ ನೋಡಿದರೆ, ಮಗುವಿನ ಈ ಪಾಲನ್ನು ಅರಿತು ರಚಿಸಿದ ಪುಸ್ತಕಗಳು ಉಳಿದುಬಂದುದೂ, ಪ್ರಾಸವನ್ನು ಕೇವಲ ನೀತಿಯ ಗುಳಿಗೆಗೆ ಬಳಿದ ಬೆಲ್ಲವೆಂದು ಬಗೆದ ಪುಸ್ತಕಗಳು ಹಿಂದೆ ಸರಿದುದೂ ಸ್ಪಷ್ಟವಾಗುತ್ತದೆ.

ಶಿಶುಪ್ರಾಸಗಳು ಎಲ್ಲ ಜನಾಂಗಗಳ ಬಾಯಲ್ಲಿಯೂ ಇವೆ. ಅವುಗಳ ಮೂಲವನ್ನು ಕಾಲದೇಶಗಳಿಂದ ಗುರುತಿಸುವುದು ಕಷ್ಟ. ಆದರೆ ಪ್ರಾಸವೂ ಚಿತ್ರವೂ ಒಂದೇ ಪುಟದಲ್ಲಿ ಕೂಡಿದ ಪುಸ್ತಕವು ಅಚ್ಚಿನ ಮನೆಯ ಶಿಶು. ಅದಕ್ಕೆ ಇಸವಿಗಳಿವೆ, ಮುದ್ರಕರಿದ್ದಾರೆ. ಈ ಚರಿತ್ರೆ ಎಡೆಬಿಡದೆ ದೊರೆಯುವುದು ಮುಖ್ಯವಾಗಿ ಇಂಗ್ಲೆಂಡಿನಲ್ಲಿ. ಆದಕಾರಣ ಪ್ರಕೃತ ಲೇಖನವು ಅಲ್ಲಿಯ ಬೆಳವಣಿಗೆಯನ್ನೇ ಪ್ರಧಾನವಾಗಿ ಅನುಸರಿಸಿ, ಕೊನೆಯಲ್ಲಿ ಕನ್ನಡಕ್ಕೆ ಸಂಬಂಧಿಸಿದ ಒಂದೆರಡು ವಿಚಾರಗಳನ್ನು ಸೂಚಿಸುತ್ತದೆ.

೨

ಮಕ್ಕಳ ಚಿತ್ರಪುಸ್ತಕಗಳ ಮೂಲಪುರುಷನೆಂದು ಮೊರಾವಿಯದ ಶಿಕ್ಷಣತಜ್ಞ ಜಾನ್ ಅಮೋಸ್ ಕೊಮೆನಿಯಸನನ್ನು ಹೆಸರಿಸುವುದು ವಾಡಿಕೆ. ಈತನ ‘ಆರ್ಬಿಸ್ ಸೆನ್ಸುಯಾಲಿಯಂ ಪಿಕ್ಟಸ್’ ೧೬೫೮ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾಯಿತು. ಕಾಣುವ ವಸ್ತುವಿನಿಂದ ಪದಕ್ಕೆ, ಪದದಿಂದ ಭಾಷೆಗೆ ಮಗುವನ್ನು ಕರೆದೊಯ್ಯಬೇಕೆಂಬುದು ಅವನ ತತ್ತ್ವ. ಪುಸ್ತಕ ಗದ್ಯದಲ್ಲಿದೆ. ಆದರೂ ಅದರ ಆರಂಭದ ಅಕ್ಷರಮಾಲೆಯಲ್ಲಿ ಹೆಚ್ಚಿನ ಅಕ್ಷರಗಳಿಗೆ ಒಂದೊಂದು ಪ್ರಾಣಿಯ ಚಿತ್ರವನ್ನೂ ಆ ಪ್ರಾಣಿಯ ಕೂಗನ್ನೂ ಕೊಟ್ಟಿರುವುದು ಗಮನಾರ್ಹ. ಕಣ್ಣನ್ನೇ ನಂಬಿದ ಕೊಮೆನಿಯಸನೂ ಮೊದಲ ಹೆಜ್ಜೆಗೆ ಕಿವಿಯ ಆಸರೆಯನ್ನು ಪಡೆಯಬೇಕಾಯಿತು.

ಪ್ರಾಸಕ್ಕೂ ಚಿತ್ರಕ್ಕೂ ಗಂಟು ಹಾಕಿದ ಆರಂಭದ ಪ್ರಸಿದ್ಧ ಪುಸ್ತಕವೆಂದರೆ ಅಮೆರಿಕದ ಬಾಸ್ಟನ್ ನಗರದಲ್ಲಿ ಹದಿನೇಳನೆಯ ಶತಮಾನದ ಕೊನೆಗೆ ಬೆಂಜಮಿನ್ ಹ್ಯಾರಿಸ್ ಎಂಬ ಮುದ್ರಕನು ಹೊರತಂದ ‘ನ್ಯೂ ಇಂಗ್ಲೆಂಡ್ ಪ್ರೈಮರ್’. ಇದರ ಉಳಿದಿರುವ ಪ್ರತಿಗಳಲ್ಲಿ ಅತ್ಯಂತ ಹಳೆಯದು ೧೭೨೭ರದು. ಅದರಲ್ಲಿ ಪ್ರತಿಯೊಂದು ಅಕ್ಷರಕ್ಕೂ ಸಣ್ಣದೊಂದು ಮರದಚ್ಚಿನ ಚಿತ್ರ, ಪಕ್ಕದಲ್ಲಿ ಪ್ರಾಸಬದ್ಧವಾದ ಕಿರುಪದ್ಯ. ವಿಷಯವೆಲ್ಲ ಪಾಪ, ಮರಣ, ದೈವಭೀತಿ. ಇಂಗ್ಲೆಂಡಿನಲ್ಲಿ ಜಾನ್ ಬನ್ಯನ್ ೧೬೮೬ರಲ್ಲಿಯೂ ಐಸಾಕ್ ವಾಟ್ಸ್ ೧೭೧೫ರಲ್ಲಿಯೂ ಮಕ್ಕಳಿಗಾಗಿ ಪದ್ಯಗಳನ್ನು ಬರೆದರು. ಅವುಗಳ ಉದ್ದೇಶವೂ ಧರ್ಮಬೋಧೆಯೇ. ಇಲ್ಲೆಲ್ಲ ಪ್ರಾಸದ ಕೆಲಸ ಕಂಠಪಾಠಕ್ಕೆ ನೆರವಾಗುವುದು. ಮಗು ಮಾತನ್ನು ನೆನಪಿನಲ್ಲಿಡಬೇಕು, ಅಷ್ಟೆ. ಅದನ್ನು ಊಹಿಸಬೇಕಾಗಿಲ್ಲ, ಆಡಬೇಕಾಗಿಲ್ಲ.

ಈ ಮನೋಭಾವವನ್ನು ಸಡಿಲಿಸಿದವರಲ್ಲಿ ತತ್ತ್ವಜ್ಞಾನಿ ಜಾನ್ ಲಾಕ್ ಮುಖ್ಯನಾದವನು. ಮಗುವಿಗೆ ಓದು ಹೊರೆಯಾಗದೆ ಆಟವಾಗಬೇಕೆಂದೂ, ಈಸೋಪನ ಕಥೆಗಳಂಥ ಪುಸ್ತಕವನ್ನು ಚಿತ್ರಸಹಿತವಾಗಿ ಕೊಡಬೇಕೆಂದೂ ಆತ ೧೬೯೩ರ ತನ್ನ ಶಿಕ್ಷಣಗ್ರಂಥದಲ್ಲಿ ವಾದಿಸಿದನು. ಅರ್ಧ ಶತಮಾನದ ತರುವಾಯ ಲಂಡನ್ನಿನ ಪುಸ್ತಕ ವ್ಯಾಪಾರಿಗಳು ಆ ಮಾತನ್ನು ಕಾರ್ಯಕ್ಕೆ ತಂದರು.

೩

೧೭೪೪ನೆಯ ಇಸವಿಯನ್ನು ಈ ಚರಿತ್ರೆಯ ಮೈಲಿಗಲ್ಲೆಂದು ಎಣಿಸಬಹುದು. ಆ ವರ್ಷದ ಆಸುಪಾಸಿನಲ್ಲಿ ಮೇರಿ ಕೂಪರ್ ಎಂಬಾಕೆ ಲಂಡನ್ನಿನಲ್ಲಿ ‘ಟಾಮಿ ಥಂಬ್ಸ್ ಪ್ರೆಟಿ ಸಾಂಗ್ ಬುಕ್’ ಎಂಬ ಶಿಶುಪ್ರಾಸಗಳ ಸಂಗ್ರಹವನ್ನು ಪ್ರಕಟಿಸಿದಳು. ಅಂಗೈಯೊಳಗೆ ಅಡಗುವಷ್ಟು ಸಣ್ಣ ಪುಸ್ತಕ. ಪುಟಗಳು ಕೆಂಪು ಮತ್ತು ಕಪ್ಪು ಮಸಿಗಳಲ್ಲಿ ಒಂದಾದ ಮೇಲೊಂದರಂತೆ ಅಚ್ಚಾಗಿವೆ. ಪ್ರಾಸಗಳ ಜೊತೆಗೆ ಚಿತ್ರಗಳಿವೆ. ಉಳಿದಿರುವುದು ಎರಡನೆಯ ಸಂಪುಟ ಮಾತ್ರ. ಇದರಲ್ಲಿ ನೀತಿಯೂ ಇಲ್ಲ, ಪಾಠವೂ ಇಲ್ಲ. ದಾದಿಯರ ಬಾಯಲ್ಲಿದ್ದುದು ಹಾಗೆಯೇ ಪುಟಕ್ಕೆ ಇಳಿದಿದೆ. ಅದೇ ವರ್ಷ ಜಾನ್ ನ್ಯೂಬರಿಯ ‘ಎ ಲಿಟ್ಲ್ ಪ್ರೆಟಿ ಪಾಕೆಟ್ ಬುಕ್’ ಹೊರಬಂದಿತು. ಒಂದೊಂದು ಆಟಕ್ಕೆ ಒಂದೊಂದು ಚಿತ್ರ, ಅದರ ಕೆಳಗೆ ಪದ್ಯ, ಅದರ ಕೆಳಗೆ ನೀತಿ—ಇದು ಅದರ ಕ್ರಮ. ಪುಸ್ತಕದ ಬೆಲೆ ಆರು ಪೆನ್ನಿ. ಎರಡು ಪೆನ್ನಿ ಹೆಚ್ಚು ಕೊಟ್ಟರೆ ಹುಡುಗನಿಗೆ ಒಂದು ಚೆಂಡು, ಹುಡುಗಿಗೆ ಒಂದು ಗುಂಡುಸೂಜಿಯ ಮೆತ್ತೆ. ನ್ಯೂಬರಿ ನೀತಿಯನ್ನು ಕೈಬಿಡಲಿಲ್ಲ. ಆದರೆ ಪುಸ್ತಕವನ್ನು ಆಟಿಕೆಯ ಪಕ್ಕದಲ್ಲಿ ಇರಿಸಿದನು. ಪುಸ್ತಕವನ್ನು ಮಗು ಬಯಸಬೇಕು ಎಂಬ ಮಾತು ವ್ಯಾಪಾರದ ಲೆಕ್ಕಕ್ಕೆ ಸೇರಿದ್ದು ಇಲ್ಲಿ.

ನ್ಯೂಬರಿಯ ಅಂಗಡಿಗೆ ಮುಂದೆ ಉತ್ತರಾಧಿಕಾರಿಯಾದವನು ಜಾನ್ ಹ್ಯಾರಿಸ್. ಈತ ೧೮೦೫ರಲ್ಲಿ ಸಾರಾ ಕ್ಯಾಥರಿನ್ ಮಾರ್ಟಿನ್ ಎಂಬಾಕೆಯ ‘ಓಲ್ಡ್ ಮದರ್ ಹಬರ್ಡ್’ ಪುಸ್ತಕವನ್ನು ಪ್ರಕಟಿಸಿದನು. ಮುದ್ರಣದ ರೀತಿಯನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಮರದಚ್ಚಿನ ಉಬ್ಬುಗೆರೆಗಳನ್ನು ಮೊಳೆಗಳ ಜೊತೆಗೆ ಬಿಗಿದು ಒಂದೇ ಸಲಕ್ಕೆ ಅಚ್ಚೊತ್ತಬಹುದು. ಆದರೆ ಅಂದಿನ ಅಗ್ಗದ ಮರದಚ್ಚುಗಳು ಬಹಳ ಒರಟು. ತಾಮ್ರದ ಹಲಗೆಯಲ್ಲಿ ಗೆರೆಗಳನ್ನು ತಗ್ಗಾಗಿ ಕೊರೆಯುವುದರಿಂದ ಚಿತ್ರ ನಯವಾಗಿ ಬರುತ್ತದೆ. ಆದರೆ ಅದು ಮೊಳೆಗಳ ಜೊತೆ ಕೂಡದು. ಇದಕ್ಕೆ ಪರಿಹಾರವಾಗಿ ಚಿತ್ರವನ್ನೂ ಪದ್ಯವನ್ನೂ ಒಂದೇ ತಾಮ್ರದ ಹಲಗೆಯ ಮೇಲೆ ಕೊರೆಯುವ ಪದ್ಧತಿ ಬಂದಿತು. ಅದಕ್ಕೆ ಒಂದು ಪುಟಕ್ಕೆ ನಾಲ್ಕು ಪಂಕ್ತಿಗಳಿಗಿಂತ ಹೆಚ್ಚು ಮಾತು ಅನುಕೂಲವಲ್ಲ. ಹೀಗೆ ‘ಒಂದು ಪುಟ, ಒಂದು ಪದ್ಯ, ಒಂದು ಚಿತ್ರ’ ಎಂಬ ಮಿತಿ ಯಂತ್ರದ ಅಗತ್ಯದಿಂದ ಹುಟ್ಟಿ ಕಲೆಯ ನಿಯಮವಾಗಿ ನಿಂತಿತು. ಬಣ್ಣವನ್ನು ಕೈಯಿಂದ ಹಚ್ಚುತ್ತಿದ್ದರು. ಅನೇಕ ವೇಳೆ ಬಡಮಕ್ಕಳೇ ಸಾಲಾಗಿ ಕುಳಿತು ಒಬ್ಬೊಬ್ಬರು ಒಂದೊಂದು ಬಣ್ಣವನ್ನು ತುಂಬುತ್ತಿದ್ದರು.

ಆ ಪುಸ್ತಕದ ಬಂಧ ನಮ್ಮ ವಾದಕ್ಕೆ ಒಳ್ಳೆಯ ನಿದರ್ಶನ. ಮುದುಕಿ ತನ್ನ ನಾಯಿಗಾಗಿ ಯಾವುದೋ ವಸ್ತುವನ್ನು ತರಲು ಹೋಗುತ್ತಾಳೆ. ಮರಳಿ ಬಂದಾಗ ನಾಯಿ ಯಾವುದೋ ಅನಿರೀಕ್ಷಿತ ಕೆಲಸದಲ್ಲಿ ತೊಡಗಿರುತ್ತದೆ. ಪದ್ಯದಿಂದ ಪದ್ಯಕ್ಕೆ ಇದೇ ಆವರ್ತನೆ. ತಂದ ವಸ್ತುವಿನ ಹೆಸರಿಗೂ ನಾಯಿಯ ಕೆಲಸಕ್ಕೂ ಅರ್ಥದ ಸಂಬಂಧವೇನೂ ಇಲ್ಲ. ಇರುವುದು ಪ್ರಾಸದ ಸಂಬಂಧ ಮಾತ್ರ. ವಸ್ತುವಿನ ಹೆಸರನ್ನು ಕೇಳಿದೊಡನೆ ಮಗು ಚಿತ್ರವನ್ನು ನೋಡುತ್ತದೆ, ನಾಯಿ ಏನು ಮಾಡುತ್ತಿದೆಯೆಂದು ಅರಿಯುತ್ತದೆ, ಹಿರಿಯರ ಬಾಯಿಂದ ಮಾತು ಬೀಳುವ ಮೊದಲೇ ಪ್ರಾಸಪದವನ್ನು ಹೇಳಿಬಿಡುತ್ತದೆ. ಕಣ್ಣು ಕೊಟ್ಟ ಉತ್ತರವನ್ನು ಕಿವಿ ಒಪ್ಪುತ್ತದೆ.

ಎರಡು ವರ್ಷಗಳ ಬಳಿಕ, ೧೮೦೭ರಲ್ಲಿ, ಹ್ಯಾರಿಸನು ವಿಲಿಯಂ ರಾಸ್ಕೊ ಎಂಬ ಲಿವರ್‌ಪೂಲಿನ ವಿದ್ವಾಂಸನು ತನ್ನ ಮಗನಿಗಾಗಿ ಬರೆದ ‘ದಿ ಬಟರ್‌ಫ್ಲೈಸ್ ಬಾಲ್’ ಪದ್ಯವನ್ನು ವಿಲಿಯಂ ಮಲ್‌ರೆಡಿಯ ಚಿತ್ರಗಳೊಡನೆ ಹೊರತಂದನು. ಕೀಟಗಳೂ ಸಣ್ಣ ಪ್ರಾಣಿಗಳೂ ಔತಣಕ್ಕೆ ಹೋಗಿ ಕತ್ತಲಾದ ಮೇಲೆ ಮನೆಗೆ ಮರಳುತ್ತವೆ, ಕಥೆ ಇಷ್ಟೇ. ಬೋಧೆ ಎಂಬುದು ಹೆಸರಿಗೂ ಇಲ್ಲ. ಅದನ್ನು ಅನುಕರಿಸಿ ಬಂದ ಪುಸ್ತಕಗಳ ಸಾಲೇ ಅದರ ಜನಪ್ರಿಯತೆಗೆ ಸಾಕ್ಷಿ.

೪

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಇಬ್ಬರು ಲೇಖಕರು ಈ ಪ್ರಕಾರಕ್ಕೆ ಹೊಸ ತಿರುವನ್ನು ಕೊಟ್ಟರು. ಇಬ್ಬರೂ ತಮ್ಮ ಪದ್ಯಗಳಿಗೆ ತಾವೇ ಚಿತ್ರ ಬರೆದವರು. ಇಬ್ಬರೂ ಪರಿಚಿತ ಮಕ್ಕಳಿಗಾಗಿ ಬರೆದವರು.

ಮೊದಲನೆಯವನು ಜರ್ಮನಿಯ ಫ್ರಾಂಕ್‌ಫರ್ಟಿನ ವೈದ್ಯ ಹೈನ್ರಿಚ್ ಹಾಫ್‌ಮನ್. ೧೮೪೪ರ ಕ್ರಿಸ್‌ಮಸ್ ಹಬ್ಬಕ್ಕೆ ಮೂರು ವರ್ಷದ ಮಗನಿಗೊಂದು ಪುಸ್ತಕವನ್ನು ಕೊಳ್ಳಹೋಗಿ, ಅಂಗಡಿಗಳಲ್ಲಿ ಉದ್ದುದ್ದ ನೀತಿಕಥೆಗಳನ್ನು ಮಾತ್ರ ಕಂಡು ಬೇಸತ್ತು, ಬರಿಯ ಹಾಳೆಗಳ ಪುಸ್ತಕವನ್ನು ಕೊಂಡುತಂದು ತಾನೇ ಬರೆದು ತುಂಬಿಸಿದನು. ಮರುವರ್ಷ ಅಚ್ಚಾದ ಆ ಪುಸ್ತಕವೇ ಮುಂದೆ ‘ಸ್ಟ್ರೂವೆಲ್‌ಪೀಟರ್’ ಎಂದು ಪ್ರಸಿದ್ಧವಾಯಿತು. ಅದರಲ್ಲಿಯೂ ನೀತಿ ಇದೆ: ಬೆಂಕಿಕಡ್ಡಿಯೊಡನೆ ಆಡಿದ ಹುಡುಗಿ ಸುಟ್ಟು ಬೂದಿಯಾಗುತ್ತಾಳೆ, ಸಾರು ಒಲ್ಲೆನೆಂದ ಹುಡುಗ ಸೊರಗಿ ಸಾಯುತ್ತಾನೆ. ಆದರೆ ಶಿಕ್ಷೆ ಇಷ್ಟು ಅತಿಯಾದಾಗ, ಪದ್ಯ ಕುಣಿಯುತ್ತ ಸಾಗಿದಾಗ, ಭಯ ನಗೆಗೆ ತಿರುಗುತ್ತದೆ. ಇದು ಮಕ್ಕಳಿಗೆ ತಕ್ಕುದೇ ಅಲ್ಲವೇ ಎಂಬ ಚರ್ಚೆ ಬಹುಕಾಲ ನಡೆದುಬಂದಿದೆ. ನಿಯತವಾದ ಲಯ ಪ್ರಾಸಗಳ ಚೌಕಟ್ಟು, ಕಥೆ ಎಷ್ಟು ಘೋರವಾದರೂ ‘ಇದು ಆಟ’ ಎಂಬ ಭರವಸೆಯನ್ನು ಕೇಳುಗನಿಗೆ ಕೊಡುತ್ತದೆ ಎಂಬುದನ್ನು ಮಾತ್ರ ಇಲ್ಲಿ ಒತ್ತಿ ಹೇಳಬಹುದು.

ಎರಡನೆಯವನು ಎಡ್ವರ್ಡ್ ಲಿಯರ್. ಅರ್ಲ್ ಆಫ್ ಡರ್ಬಿಯ ಪ್ರಾಣಿಸಂಗ್ರಹವನ್ನು ಚಿತ್ರಿಸಲು ನೋಸ್ಲಿಯ ಅರಮನೆಗೆ ಹೋಗಿದ್ದ ಈ ಕಲಾವಿದ ಆ ಮನೆಯ ಮಕ್ಕಳನ್ನು ನಗಿಸಲು ಬರೆದ ಪದ್ಯಗಳು ೧೮೪೬ರಲ್ಲಿ ‘ಎ ಬುಕ್ ಆಫ್ ನಾನ್‌ಸೆನ್ಸ್’ ಎಂದು ಪ್ರಕಟವಾದವು. ಪುಸ್ತಕ ಕಲ್ಲಚ್ಚಿನಲ್ಲಿ ಬಂದುದರಿಂದ ಕಲಾವಿದನ ಗೆರೆ ಕೊರೆಯುವವನ ಕೈಗೆ ಸಿಕ್ಕಿ ಮಾರ್ಪಡದೆ ನೇರವಾಗಿ ಪುಟಕ್ಕೆ ಇಳಿಯಿತು. ಪ್ರತಿಯೊಂದು ಪದ್ಯವೂ ಒಬ್ಬ ವಿಚಿತ್ರ ವ್ಯಕ್ತಿಯನ್ನೂ ಅವನ ಊರನ್ನೂ ಹೇಳಿ ಆರಂಭವಾಗುತ್ತದೆ. ಊರಿನ ಹೆಸರಿಗೆ ಪ್ರಾಸ ಕೂಡಬೇಕಾದ್ದರಿಂದಲೇ ಆ ವ್ಯಕ್ತಿಗೆ ಅಂಥ ಗತಿ ಒದಗುತ್ತದೆ; ಕೊನೆಯ ಪಂಕ್ತಿ ಬಹುಮಟ್ಟಿಗೆ ಮೊದಲಿನ ಊರಿಗೇ ಮರಳುತ್ತದೆ. ಬೆಳೆದವರಿಗೆ ಈ ಪುನರುಕ್ತಿ ದೋಷವಾಗಿ ಕಾಣಬಹುದು. ಆದರೆ ಹೊರಟಲ್ಲಿಗೇ ಬಂದು ಸೇರುವೆನೆಂಬ ನಿಶ್ಚಯವಿದ್ದಾಗ ಮಗು ನಡುವಣ ಅಸಂಬದ್ಧವನ್ನು ನಿರ್ಭಯವಾಗಿ ಸವಿಯಬಲ್ಲುದು. ಲಿಯರ್ ೧೮೭೩ರಿಂದ ೧೮೭೫ರ ವರೆಗೆ ವೈಸರಾಯ್ ನಾರ್ತ್‌ಬ್ರೂಕನ ಆಹ್ವಾನದ ಮೇಲೆ ಭಾರತದಲ್ಲಿ ಸಂಚರಿಸಿದನು. ‘ಕಮರ್‌ಬಂದ್’ ಮುಂತಾದ ಇಲ್ಲಿಯ ಮಾತುಗಳನ್ನು ಅವುಗಳ ಅರ್ಥದಿಂದ ಬಿಡಿಸಿ ಬರಿಯ ನಾದಕ್ಕಾಗಿ ಬಳಸಿದ ಒಂದು ಪದ್ಯವನ್ನೂ ಈ ಪ್ರವಾಸದಲ್ಲಿ ರಚಿಸಿದನು. ಅರ್ಥ ತಿಳಿಯುವ ಮುನ್ನ ಪದವನ್ನು ನಾದವಾಗಿ ಸವಿಯುವುದು ಎಳೆಯ ಮಕ್ಕಳ ಸ್ವಭಾವ. ಲಿಯರ್ ಅದನ್ನು ಕೊನೆಯವರೆಗೆ ಉಳಿಸಿಕೊಂಡಿದ್ದನು.

೫

ಬಣ್ಣದ ಚಿತ್ರಪುಸ್ತಕವು ಪರಿಪಕ್ವ ಸ್ಥಿತಿಗೆ ಬಂದುದು ಎಡ್ಮಂಡ್ ಎವನ್ಸ್ ಎಂಬ ಲಂಡನ್ ಮುದ್ರಕನ ಕಾರ್ಯಾಗಾರದಲ್ಲಿ. ಈತ ಗೆರೆಗೆ ಒಂದು ಮರದಚ್ಚು, ಒಂದೊಂದು ಬಣ್ಣಕ್ಕೆ ಒಂದೊಂದು ಮರದಚ್ಚು ಎಂಬಂತೆ ಕೊರೆಯಿಸಿ, ಒಂದರ ಮೇಲೊಂದನ್ನು ಕೂದಲೆಳೆಯಷ್ಟೂ ತಪ್ಪದೆ ಒತ್ತಿಸುತ್ತಿದ್ದನು. ಅಚ್ಚುಗಳ ವೆಚ್ಚ ಹೆಚ್ಚಾದರೂ ಸಾವಿರಾರು ಪ್ರತಿಗಳನ್ನು ತೆಗೆದರೆ ಒಂದೊಂದರ ಬೆಲೆ ತಗ್ಗುತ್ತದೆ ಎಂಬುದು ಅವನ ಲೆಕ್ಕ. ೧೮೬೦ರ ದಶಕದಲ್ಲಿ ವಾಲ್ಟರ್ ಕ್ರೇನನೊಡನೆ ಈ ಕೆಲಸವನ್ನು ಆರಂಭಿಸಿ, ಮುಂದೆ ರ‍್ಯಾಂಡಾಲ್ಫ್ ಕಾಲ್ಡೆಕಾಟನನ್ನು ಕರೆತಂದನು.

ಕಾಲ್ಡೆಕಾಟ್ ಮೊದಲು ಬ್ಯಾಂಕಿನ ಗುಮಾಸ್ತನಾಗಿದ್ದವನು. ೧೮೭೮ರಿಂದ ೧೮೮೫ರ ವರೆಗೆ ವರ್ಷಕ್ಕೆ ಎರಡರಂತೆ, ಒಂದೊಂದು ಷಿಲಿಂಗಿನ ಹದಿನಾರು ಪುಸ್ತಕಗಳನ್ನು ರಚಿಸಿದನು. ಪದ್ಯಗಳು ಹೊಸವಲ್ಲ, ಬಹುಪಾಲು ಎಲ್ಲರ ಬಾಯಲ್ಲಿದ್ದ ಶಿಶುಪ್ರಾಸಗಳು, ಹಳೆಯ ಲಾವಣಿಗಳು, ಕೂಪರ್ ಕವಿಯ ‘ಜಾನ್ ಗಿಲ್‌ಪಿನ್’ ಮೊದಲಾದವು. ಹೊಸತಾದುದು ಅವುಗಳ ಹಂಚಿಕೆ. ಒಂದು ಸಣ್ಣ ಪದ್ಯವನ್ನು ಆತ ಹತ್ತಾರು ಪುಟಗಳ ಮೇಲೆ ಹರಡಿದನು. ಒಂದೇ ಪಂಕ್ತಿಯನ್ನು ತುಂಡುಮಾಡಿ ಒಂದು ಭಾಗವನ್ನು ಈ ಪುಟದಲ್ಲಿಯೂ ಉಳಿದುದನ್ನು ಮುಂದಿನ ಪುಟದಲ್ಲಿಯೂ ಇರಿಸಿದನು. ಹಾಡಿನಲ್ಲಿ ಉಸಿರಿಗೆ ಮುಂಚೆ ಸಾಗಿಹೋಗುವ ಪ್ರಾಸವು ಇಲ್ಲಿ ಪುಟ ಮಗುಚುವ ತನಕ ಕಾಯುತ್ತದೆ. ಪ್ರಾಸದ ನಿರೀಕ್ಷೆಯೂ ಪುಟದ ಹಿಂದೆ ಏನಿದೆಯೆಂಬ ಕುತೂಹಲವೂ ಹೀಗೆ ಒಂದಾದವು. ಚಿತ್ರಪುಸ್ತಕವೆಂದರೆ ಚಿತ್ರಗಳುಳ್ಳ ಪುಸ್ತಕವಲ್ಲ, ಪುಟದ ತಿರುವನ್ನೇ ತಾಳವಾಗಿ ಮಾಡಿಕೊಂಡ ಒಂದು ಪ್ರತ್ಯೇಕ ಕಲೆ ಎಂಬುದು ಇಲ್ಲಿ ಸಿದ್ಧವಾಯಿತು.

ಮತ್ತೊಂದು ವಿಶೇಷವನ್ನೂ ಗಮನಿಸಬೇಕು. ಕಾಲ್ಡೆಕಾಟನ ಚಿತ್ರ ಪದ್ಯ ಹೇಳಿದ್ದನ್ನೇ ಮತ್ತೆ ಹೇಳುವುದಿಲ್ಲ. ತಟ್ಟೆಯೊಂದು ಚಮಚದೊಡನೆ ಓಡಿಹೋಗುವ ಹಳೆಯ ಪ್ರಾಸವೊಂದನ್ನು ಆತ ೧೮೮೨ರಲ್ಲಿ ಚಿತ್ರಿಸಿದನು. ಪದ್ಯ ಓಟದಲ್ಲಿಯೇ ಮುಗಿಯುತ್ತದೆ. ಚಿತ್ರ ಅಲ್ಲಿಗೆ ನಿಲ್ಲುವುದಿಲ್ಲ: ಪುಟ ತಿರುವಿದರೆ ತಟ್ಟೆ ಒಡೆದು ಚೂರಾಗಿ ಬಿದ್ದಿದೆ; ಚಮಚವನ್ನು ತಂದೆತಾಯಿಗಳಾದ ಫೋರ್ಕೂ ಚಾಕುವೂ ನಡುವೆ ಹಿಡಿದು ಕರೆದೊಯ್ಯುತ್ತಿವೆ. ಈ ಸಂಗತಿ ಒಂದಕ್ಷರದಲ್ಲಿಯೂ ಬರೆದಿಲ್ಲ. ಅಕ್ಷರವನ್ನೇ ನೋಡುತ್ತಿರುವ ಹಿರಿಯರು ಇದನ್ನು ಕಾಣದೆ ಹೋಗಬಹುದು, ಮಗು ಕಾಣುತ್ತದೆ. ಓದಲು ಬಾರದವನು ಓದಬಲ್ಲವನಿಗೆ ತೋರಿಸಿಕೊಡುವ ಈ ಸಂದರ್ಭದಲ್ಲಿ ಇಬ್ಬರು ಓದುಗರೂ ಸರಿಸಮಾನರಾಗುತ್ತಾರೆ. ಅಮೆರಿಕದ ಗ್ರಂಥಪಾಲಕರ ಸಂಘವು ಉತ್ತಮ ಚಿತ್ರಪುಸ್ತಕಕ್ಕೆ ೧೯೩೮ರಿಂದ ಕೊಡುತ್ತ ಬಂದಿರುವ ಪದಕಕ್ಕೆ ಕಾಲ್ಡೆಕಾಟನ ಹೆಸರನ್ನಿಟ್ಟಿರುವುದು ಉಚಿತವಾಗಿದೆ.

ಎವನ್ಸನ ಮೂರನೆಯ ಸಹಯೋಗಿ ಕೇಟ್ ಗ್ರೀನವೇ. ಆಕೆ ಪದ್ಯ ಚಿತ್ರಗಳೆರಡನ್ನೂ ರಚಿಸಿದ ‘ಅಂಡರ್ ದ ವಿಂಡೋ’ ೧೮೭೯ರಲ್ಲಿ ಬಂದಾಗ ಎವನ್ಸನು ಮೊದಲ ಮುದ್ರಣದಲ್ಲಿಯೇ ಇಪ್ಪತ್ತು ಸಾವಿರ ಪ್ರತಿಗಳನ್ನು ತೆಗೆದನು. ಪ್ರಕಾಶಕರು ನಕ್ಕರು, ಪ್ರತಿಗಳು ಬೇಗನೆ ತೀರಿಹೋದವು. ಗ್ರೀನವೇ ೧೮೮೮ರಲ್ಲಿ ರಾಬರ್ಟ್ ಬ್ರೌನಿಂಗನ ‘ಪೈಡ್ ಪೈಪರ್’ ಕವನಕ್ಕೆ ಚಿತ್ರಗಳನ್ನು ಬರೆದಳು. ಆ ಕವನದ ಹುಟ್ಟು ಇಲ್ಲಿ ಸ್ಮರಣೀಯ. ನಟ ಮ್ಯಾಕ್ರೆಡಿಯ ಎಳೆಯ ಮಗ ಕಾಯಿಲೆಯಿಂದ ಮಲಗಿದ್ದಾಗ, ಚಿತ್ರ ಬರೆಯುವುದರಲ್ಲಿ ಆಸಕ್ತನಾಗಿದ್ದ ಅವನಿಗೆ ಚಿತ್ರಿಸಲು ವಸ್ತುವಾಗಲೆಂದು ಬ್ರೌನಿಂಗ್ ಅದನ್ನು ಬರೆದುಕೊಟ್ಟನು. ೧೮೪೨ರಲ್ಲಿ ಅದು ತನ್ನ ಕವನಸಂಗ್ರಹವೊಂದರಲ್ಲಿ ಸೇರಿತು. ಅಂದಮೇಲೆ ಆ ಕವನದ ಮೊದಲ ಚಿತ್ರಕಾರ ಒಬ್ಬ ಬಾಲಕ.

ಕನ್ನಡ ಓದುಗರಿಗೆ ಈ ಕವನ ಬೇರೊಂದು ರೂಪದಲ್ಲಿ ಸುಪರಿಚಿತ. ಕುವೆಂಪು ಅವರು ೧೯೨೦ರ ದಶಕದಲ್ಲಿ ಇದನ್ನು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿ ಮರುಹುಟ್ಟುಗೊಳಿಸಿದರು. ಜರ್ಮನಿಯ ಹ್ಯಾಮೆಲಿನ್ ಪಟ್ಟಣ ತುಂಗಾತೀರದ ಹಳ್ಳಿಯಾಯಿತು, ನಗರಾಧ್ಯಕ್ಷ ಗೌಡನಾದನು, ಕೊಳಲಿನವನು ಕಿಂದರಿಯನ್ನು ನುಡಿಸುವ ಜೋಗಿಯಾದನು. ಇಲಿಗಳು ಸಾಲುಗಟ್ಟಿ ಬರುವ ಭಾಗದಲ್ಲಿ ಕವಿ ಮೂಲದ ಪದಗಳನ್ನು ಬಿಟ್ಟು ಮೂಲದ ಕುಣಿತವನ್ನು ಹಿಡಿದಿದ್ದಾರೆ. ಪ್ರಾಸಬದ್ಧ ಪುಸ್ತಕವನ್ನು ಭಾಷಾಂತರಿಸಲಾಗದು, ಮತ್ತೆ ಹುಟ್ಟಿಸಬೇಕು ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

೬

ಇಪ್ಪತ್ತನೆಯ ಶತಮಾನದಲ್ಲಿ ಈ ಪರಂಪರೆಯ ಕೇಂದ್ರ ಅಮೆರಿಕಕ್ಕೆ ಸರಿಯಿತು. ಥಿಯೊಡೋರ್ ಸೂಸ್ ಗೈಸೆಲ್, ಅಂದರೆ ‘ಡಾಕ್ಟರ್ ಸೂಸ್’, ತನ್ನ ಮೊದಲ ಮಕ್ಕಳ ಪುಸ್ತಕದ ಲಯವನ್ನು ೧೯೩೬ರಲ್ಲಿ ಹಡಗಿನ ಪ್ರಯಾಣ ಮಾಡುತ್ತಿದ್ದಾಗ ಎಂಜಿನ್ನಿನ ಬಡಿತದಿಂದ ಪಡೆದನು. ಅನೇಕ ಪ್ರಕಾಶಕರು ತಿರಸ್ಕರಿಸಿದ ಬಳಿಕ ಅದು ೧೯೩೭ರಲ್ಲಿ ಬೆಳಕು ಕಂಡಿತು. ೧೯೫೪ರಲ್ಲಿ ಲೇಖಕ ಜಾನ್ ಹರ್ಸಿ ‘ಲೈಫ್’ ಪತ್ರಿಕೆಯಲ್ಲಿ, ಶಾಲೆಯ ಓದುಪುಸ್ತಕಗಳ ನೀರಸತೆಯಿಂದಲೇ ಮಕ್ಕಳು ಓದಿನಲ್ಲಿ ಹಿಂದುಳಿಯುತ್ತಿದ್ದಾರೆಂದು ಟೀಕಿಸಿದನು. ಅದರ ಫಲವಾಗಿ ಗೈಸೆಲನಿಗೆ ಮಿತವಾದ ಒಂದು ಪದಪಟ್ಟಿಯನ್ನು ಕೊಟ್ಟು ಅದರೊಳಗೇ ಸ್ವಾರಸ್ಯವಾದ ಪುಸ್ತಕವನ್ನು ಬರೆಯುವಂತೆ ಕೇಳಿದರು. ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬಿದ್ದ ಎರಡು ಪ್ರಾಸಪದಗಳಿಂದ ಬೆಕ್ಕೂ ಟೋಪಿಯೂ ಕೂಡಿದವೆಂದು ಅವನೇ ಹೇಳಿಕೊಂಡದ್ದುಂಟು. ೧೯೫೭ರಲ್ಲಿ ಬಂದ ‘ದ ಕ್ಯಾಟ್ ಇನ್ ದ ಹ್ಯಾಟ್’ ಪುಸ್ತಕದಲ್ಲಿರುವ ಬೇರೆಬೇರೆ ಪದಗಳ ಸಂಖ್ಯೆ ೨೩೬. ೧೯೬೦ರ ‘ಗ್ರೀನ್ ಎಗ್ಸ್ ಅಂಡ್ ಹ್ಯಾಮ್’ನಲ್ಲಿ ಕೇವಲ ೫೦. ಕೇಳುವ ಮಗು ಓದುವ ಮಗುವಾಗಿ ಮಾರ್ಪಡುವ ಘಟ್ಟಕ್ಕೆ ಈ ಪುಸ್ತಕಗಳು ಸೇತುವೆಯಾದವು. ಅದುವರೆಗೆ ಕಿವಿ ಊಹಿಸುತ್ತಿದ್ದ ಪದವನ್ನು ಈಗ ಕಣ್ಣು ಅಕ್ಷರಗಳಲ್ಲಿ ಗುರುತಿಸುತ್ತದೆ. ಪ್ರಾಸವು ಆ ಗುರುತಿಗೆ ಒರೆಗಲ್ಲಾಗುತ್ತದೆ.

ಪ್ರಾಸವು ಲೇಖಕನಿಗೆ ಸಂಕೋಲೆಯೆಂಬ ಆಕ್ಷೇಪಕ್ಕೆ ೧೯೯೯ರ ಒಂದು ಪುಸ್ತಕ ಉತ್ತರ ಕೊಡುತ್ತದೆ. ಜೂಲಿಯಾ ಡೊನಾಲ್ಡ್‌ಸನ್ ಬರೆದು ಆಕ್ಸೆಲ್ ಷೆಫ್ಲರ್ ಚಿತ್ರಿಸಿದ ‘ದ ಗ್ರಫಲೊ’ ಪುಸ್ತಕಕ್ಕೆ ಮೂಲ, ನರಿಯೊಂದು ಹುಲಿಯ ಹೆಸರಿನಲ್ಲಿ ಕಾಡನ್ನು ಬೆದರಿಸುವ ಚೀಣೀ ಕಥೆ. ಹುಲಿಯ ಇಂಗ್ಲಿಷ್ ಹೆಸರಿಗೆ ತಕ್ಕ ಪ್ರಾಸ ದೊರೆಯದೆ ಹೋದುದರಿಂದ ಲೇಖಕಿ ಪ್ರಾಸಕ್ಕೆ ಹೊಂದುವ ಹೊಸ ಹೆಸರೊಂದನ್ನು ಕಟ್ಟಿದಳು. ಆ ಹೆಸರಿನಿಂದ, ಯಾವ ಕಾಡಿನಲ್ಲಿಯೂ ಇಲ್ಲದ ಒಂದು ಮೃಗ ಹುಟ್ಟಿತು. ಇಲ್ಲಿ ಪ್ರಾಸ ಕಲ್ಪನೆಯನ್ನು ಕಟ್ಟಿಹಾಕಲಿಲ್ಲ, ಕಾಣದ ದಾರಿಗೆ ನೂಕಿತು.

ಈ ಆಕರ್ಷಣೆಗೆ ಶಿಕ್ಷಣದ ಫಲವೂ ಉಂಟೇ? ಆಕ್ಸ್‌ಫರ್ಡಿನ ಲಿನೆಟ್ ಬ್ರಾಡ್ಲಿ ಮತ್ತು ಪೀಟರ್ ಬ್ರಯಂಟ್ ೧೯೮೩ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ ಪ್ರಸಿದ್ಧವಾಗಿದೆ. ನಾಲ್ಕು ಐದು ವರ್ಷದ ನಾನೂರಕ್ಕೆ ಮೀರಿದ ಮಕ್ಕಳಲ್ಲಿ, ಪ್ರಾಸ ಕೂಡದ ಪದವನ್ನು ಕಿವಿಯಿಂದ ಗುರುತಿಸಬಲ್ಲವರು ಮುಂದೆ ಓದುಬರಹಗಳಲ್ಲಿಯೂ ಮುಂದಿರುವುದನ್ನು ಅವರು ಕಂಡರು. ಚಿತ್ರಗಳನ್ನು ಅವುಗಳ ಹೆಸರುಗಳ ನಾದಕ್ಕೆ ಅನುಸಾರವಾಗಿ ಗುಂಪುಮಾಡುವ ಅಭ್ಯಾಸವನ್ನು ಪ್ಲಾಸ್ಟಿಕ್ ಅಕ್ಷರಗಳ ಜೊತೆಗೆ ಕೊಟ್ಟ ಮಕ್ಕಳಲ್ಲಿ ಪ್ರಗತಿ ಅತ್ಯಧಿಕವಾಗಿತ್ತು. ಪ್ರಾಸಪ್ರಜ್ಞೆಗಿಂತ ಬಿಡಿಧ್ವನಿಗಳ ಪ್ರಜ್ಞೆಯೇ ಮುಖ್ಯವೆಂದು ವಾದಿಸಿದ ವಿದ್ವಾಂಸರೂ ಬಳಿಕ ಬಂದಿದ್ದಾರೆ. ಇಂಗ್ಲಿಷಿನ ಕಾಗುಣಿತದಲ್ಲಿ ನಿಜವಾದುದನ್ನು ಕನ್ನಡದ ಅಕ್ಷರಗಳಿಗೆ ಹಾಗೆಯೇ ಅನ್ವಯಿಸಲೂ ಆಗದು. ಆದರೂ ಕಿವಿ, ಕಣ್ಣು, ಅಕ್ಷರ ಮೂರೂ ಕೂಡಿದಾಗ ಫಲ ಹೆಚ್ಚು ಎಂಬ ಮಾತು ಈ ಪುಸ್ತಕಗಳ ಚರಿತ್ರೆಗೂ ಒಪ್ಪುತ್ತದೆ.

೭

ಇನ್ನು ಕನ್ನಡದ ವಿಚಾರ. ಹಳೆಯ ಕಾವ್ಯಪರಂಪರೆಯಲ್ಲಿ ನಿಯತವಾಗಿದ್ದುದು ಪಾದಗಳ ಎರಡನೆಯ ಅಕ್ಷರವನ್ನು ಹೊಂದಿಸುವ ಆದಿಪ್ರಾಸ. ಅದು ಪಂಕ್ತಿಗಳ ಮೊದಲನ್ನು ಬಿಗಿಯುತ್ತದೆ. ಕೊನೆಯ ಪದಕ್ಕಾಗಿ ಕಾಯಿಸುವುದಿಲ್ಲ. ಅಂತ್ಯಪ್ರಾಸ ರಗಳೆಗಳಲ್ಲಿಯೂ ಜನರ ಹಾಡುಗಳಲ್ಲಿಯೂ ಬಳಕೆಯಲ್ಲಿದ್ದರೂ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಆದಿಪ್ರಾಸವನ್ನು ತೊರೆದ ಮೇಲೆ ಹೊಸ ಕವಿತೆಯಲ್ಲಿ ಅದಕ್ಕೆ ವಿಶೇಷ ಅವಕಾಶ ದೊರೆಯಿತು. ಪಂಜೆ ಮಂಗೇಶರಾಯರು, ಹೊಯ್ಸಳರು, ಜಿ. ಪಿ. ರಾಜರತ್ನಂ, ದಿನಕರ ದೇಸಾಯಿ ಮೊದಲಾದವರ ಶಿಶುಗೀತೆಗಳು ಈ ಅವಕಾಶವನ್ನು ಸಾರ್ಥಕಪಡಿಸಿದವು.

ಇಲ್ಲಿ ಭಾಷೆಯ ಒಂದು ಗುಣವನ್ನು ಗಮನಿಸಬೇಕು. ಕನ್ನಡದಲ್ಲಿ ವಿಭಕ್ತಿ ಮತ್ತು ಕ್ರಿಯಾಪ್ರತ್ಯಯಗಳು ಪದದ ಕೊನೆಯಲ್ಲಿ ಬರುವುದರಿಂದ ‘ಮರದಲ್ಲಿ, ಹೊಲದಲ್ಲಿ, ಮನೆಯಲ್ಲಿ’ ಎಂಬಂಥ ಪ್ರಾಸ ಅತಿ ಸುಲಭ. ಆದರೆ ಸುಲಭವಾದಷ್ಟೂ ಅದರ ಸೂಚಕಶಕ್ತಿ ಕಡಮೆ. ‘-ಅಲ್ಲಿ’ ಎಂದು ಮುಗಿಯುವ ಮಾತು ಯಾವುದಾದರೂ ಆಗಬಹುದಾದ್ದರಿಂದ ಮಗು ಏನನ್ನೂ ಊಹಿಸಲಾರದು. ಅದರ ಬದಲು ‘ಇಲಿ’ ಎಂಬುದಕ್ಕೆ ‘ಹುಲಿ’ ಎಂಬುದನ್ನು ಹೊಂದಿಸಿ, ಪೊದೆಯ ಹಿಂದೆ ಪಟ್ಟೆಯ ಬಾಲವೊಂದನ್ನು ಚಿತ್ರಿಸಿದರೆ ಮಗು ತಟಕ್ಕನೆ ಉತ್ತರ ಹೇಳುತ್ತದೆ. ರಾಜರತ್ನಂ ಅವರ ‘ತುತ್ತೂರಿ’ಯಂಥ ಪದ್ಯಗಳಲ್ಲಿ ನಾಮಪದಕ್ಕೆ ನಾಮಪದವನ್ನೇ ಪ್ರಾಸವಾಗಿ ಹೊಂದಿಸಿರುವುದು ಕಾಣುತ್ತದೆ, ಅವು ಬೇಗ ಬಾಯಿಗೆ ಹತ್ತಲು ಇದೂ ಒಂದು ಕಾರಣವೆಂದು ಊಹಿಸಬಹುದು.

ಹೀಗೆ ಕನ್ನಡದಲ್ಲಿ ಪ್ರಾಸ ಸಮೃದ್ಧವಾಗಿದೆ. ಆದರೆ ಅದು ಬಹುಮಟ್ಟಿಗೆ ಪಠ್ಯಪುಸ್ತಕಗಳಲ್ಲಿಯೂ ಕವನಸಂಗ್ರಹಗಳಲ್ಲಿಯೂ ಉಳಿಯಿತು. ಪದ್ಯಕ್ಕೊಂದು ಮೂಲೆಯ ಚಿತ್ರ ದೊರೆತರೆ ಅದೇ ಹೆಚ್ಚು. ಅತ್ತ ಬಣ್ಣದ ಚಿತ್ರಪುಸ್ತಕಗಳು ಬೇರೊಂದು ದಾರಿಯಿಂದ ಬಂದವು. ೧೯೫೭ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟ್ ‘ನೆಹರೂ ಬಾಲ ಪುಸ್ತಕಾಲಯ’ದ ಮಾಲೆಯಲ್ಲಿ ಒಂದೇ ಪುಸ್ತಕವನ್ನು ಅವೇ ಚಿತ್ರಗಳೊಡನೆ ಅನೇಕ ಭಾಷೆಗಳಲ್ಲಿ ಹೊರತಂದಿತು. ಚಿತ್ರದ ಅಚ್ಚು ಒಂದೇ, ಬದಲಾಗುವುದು ಮಾತು ಮಾತ್ರ; ಬಣ್ಣದ ಮುದ್ರಣದ ವೆಚ್ಚವನ್ನು ಹಲವು ಭಾಷೆಗಳು ಹಂಚಿಕೊಳ್ಳುವ ಈ ಕ್ರಮ ವಿವೇಕದ್ದು, ಮೆಚ್ಚತಕ್ಕದ್ದು. ಬೆಂಗಳೂರಿನಲ್ಲಿ ೨೦೦೪ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯೂ ಬಹುಭಾಷೆಗಳಲ್ಲಿ ಚಿತ್ರಕಥೆಗಳನ್ನು ಪ್ರಕಟಿಸುತ್ತ ಬಂದಿದೆ. ಆದರೆ ಈ ಕ್ರಮಕ್ಕೆ ಸಹಜವಾಗಿ ಒಗ್ಗುವುದು ಗದ್ಯ. ಗದ್ಯ ಹದಿನಾಲ್ಕು ಭಾಷೆಗಳಿಗೆ ಹೋಗಬಲ್ಲುದು. ಪ್ರಾಸ ತನ್ನ ಭಾಷೆಯ ಗಡಿಯನ್ನು ದಾಟಲಾರದು. ಒಂದು ಭಾಷೆಯಲ್ಲಿ ಇಲಿಗೆ ಹುಲಿ ಜೊತೆಯಾದರೆ ಇನ್ನೊಂದರಲ್ಲಿ ಬೇರೊಂದು ಪ್ರಾಣಿ ಬೇಕು. ಚಿತ್ರ ಆಗಲೇ ಅಚ್ಚಾಗಿಹೋಗಿದೆ.

ಇದರಿಂದ ಒದಗಿದ ಪರಿಣಾಮ ಚಿಂತನೀಯ. ಕನ್ನಡದ ಮಗುವಿಗೆ ಬಹುಮಟ್ಟಿಗೆ ಒಂದು ಪುಸ್ತಕದಲ್ಲಿ ಪ್ರಾಸ, ಮತ್ತೊಂದರಲ್ಲಿ ಚಿತ್ರ. ಎರಡೂ ಒಂದೇ ಪುಟದಲ್ಲಿ ಬೆಸೆದಾಗ ದೊರೆಯುವ ಸುಖ, ಅಂದರೆ ಊಹಿಸಿ, ನೋಡಿ, ಹಿರಿಯರಿಗಿಂತ ಮೊದಲೇ ಹೇಳಿಬಿಡುವ ಸುಖ, ಅವನಿಗೆ ಹೆಚ್ಚಾಗಿ ಇಂಗ್ಲಿಷ್ ಪುಸ್ತಕಗಳಿಂದಲೇ ದೊರೆತರೆ, ಪುಸ್ತಕವೆಂಬ ವಸ್ತುವಿನೊಡನೆ ಆತ ಮೊದಲು ಬೆಸೆಯುವ ಪ್ರೀತಿಯೂ ಆ ಭಾಷೆಗೇ ಸಲ್ಲುತ್ತದೆ. ಇದು ಮಕ್ಕಳ ಪುಸ್ತಕಗಳಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಒಂದು ಭಾಷೆಯ ಭಾವೀ ಓದುಗರು ಸಿದ್ಧರಾಗುವುದು ಕಾಲೇಜಿನ ತರಗತಿಗಳಲ್ಲಿ ಅಲ್ಲ, ಮಡಿಲಿನಲ್ಲಿ.

ಈ ಕೊರತೆಯನ್ನು ತುಂಬಲು ಬೇಕಾದ ಸಾಮಗ್ರಿ ನಮ್ಮಲ್ಲಿಯೇ ಇದೆ. ಕಾಲ್ಡೆಕಾಟ್ ಹೊಸ ಪದ್ಯಗಳನ್ನು ಹುಡುಕಿಕೊಂಡು ಹೋಗಲಿಲ್ಲ. ಎಲ್ಲರಿಗೂ ತಿಳಿದಿದ್ದ ಪದ್ಯಗಳನ್ನೇ ತೆಗೆದುಕೊಂಡು ಪುಟಪುಟಕ್ಕೆ ಹಂಚಿದನು. ಕನ್ನಡದ ನಾನಾ ಪ್ರದೇಶಗಳ ಶಿಶುಪ್ರಾಸಗಳನ್ನು ಸಂಗ್ರಹಿಸುವಾಗ ಅವುಗಳ ಪಾಠವನ್ನಷ್ಟೇ ಅಲ್ಲದೆ, ಹೇಳುವವರು ಎಲ್ಲಿ ತಡೆಯುತ್ತಾರೆ, ಮಗು ಯಾವ ಪದವನ್ನು ತುಂಬುತ್ತದೆ, ಯಾವ ಮಾತಿಗೆ ಯಾವ ಅಭಿನಯ ಕೂಡುತ್ತದೆ ಎಂಬುದನ್ನೂ ಗುರುತುಹಾಕಿಕೊಂಡರೆ, ಪುಟ ಎಲ್ಲಿ ತಿರುಗಬೇಕೆಂಬುದು ಚಿತ್ರಕಾರನಿಗೆ ತಾನಾಗಿಯೇ ತಿಳಿದುಬರುವುದು. ಈ ಕಾರ್ಯ ಕನ್ನಡ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಗಮನಕ್ಕೆ ಅರ್ಹವಾದುದು.